ರಣಹದ್ದು ಸತ್ತಿದ್ದು ಯಾಕೆ? ಕಾಡುಜೀವಿಗಳನ್ನು ಉಳಿಸುವ ವಿಜ್ಞಾನದ ಕಥೆ

ಮರದ ಕೊಂಬೆಯ ಮೇಲೆ ಒಂದು ರಣಹದ್ದು ಕೂತಿದೆ. ತೂಕಡಿಸುತ್ತಿರುವ ಹಾಗೆ ಕಾಣುತ್ತದೆ. ಕತ್ತು ಮೆಲ್ಲಗೆ ಜೋಲುತ್ತಾ ಜೋಲುತ್ತಾ ಕೊಕ್ಕು ಕಾಲಿನ ಹತ್ತಿರಕ್ಕೆ ಬರುತ್ತದೆ. ಬೆಚ್ಚಿದಂತೆ ಒಮ್ಮೆ ತಲೆ ಎತ್ತುತ್ತದೆ. ಮತ್ತೆ ಜೋಲುತ್ತದೆ. ಕೊನೆಗೊಂದು ದಿನ ಕೊಂಬೆಯಿಂದ ಕೆಳಗೆ ಬಿದ್ದಿರುತ್ತದೆ.

1990ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ವಿಜ್ಞಾನಿ ವಿಭು ಪ್ರಕಾಶ್ ಇಂಥ ಹದ್ದುಗಳನ್ನು ಕಂಡರು. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು. 1980ರ ದಶಕದಲ್ಲೇ ಅದೇ ಜಾಗದಲ್ಲಿ ಹದ್ದುಗಳ ಲೆಕ್ಕ ತೆಗೆದಿದ್ದವರು. ಹಾಗಾಗಿ ಆಗ ಎಷ್ಟಿದ್ದವು, ಈಗ ಎಷ್ಟಿವೆ ಅಂತ ಹೋಲಿಸಿ ನೋಡಲು ಅವರ ಕೈಯಲ್ಲಿ ಲೆಕ್ಕವಿತ್ತು. ಈ ಮಾತು ಸಣ್ಣದು ಅನ್ನಿಸಬಹುದು. ಆದರೆ ಹಳೆಯ ಲೆಕ್ಕ ಇಲ್ಲದಿದ್ದರೆ 'ಮೊದಲು ತುಂಬಾ ಇದ್ದವು ಅನ್ಸುತ್ತೆ' ಅನ್ನುವಲ್ಲಿಗೇ ಮಾತು ನಿಂತುಬಿಡುತ್ತಿತ್ತು.

ದೇಶದ ಬೇರೆ ಕಡೆ ನೋಡಿದರೂ ಅದೇ ಸ್ಥಿತಿ. ಮೂರು ಜಾತಿಯ ರಣಹದ್ದುಗಳು ಕಣ್ಣೆದುರೇ ಕರಗಿಹೋಗುತ್ತಿದ್ದವು. ಅವುಗಳಲ್ಲಿ ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ 1992ರಿಂದ 2007ರ ಹೊತ್ತಿಗೆ ಭಾರತದಲ್ಲಿ ಶೇ 99.9ರಷ್ಟು ಕುಸಿಯಿತು. ಸಾವಿರ ಹಕ್ಕಿ ಇದ್ದ ಕಡೆ ಒಂದೇ ಒಂದು ಉಳಿದಂತೆ.

ಕಾರಣ ಏನು? ಇಲ್ಲಿಂದ ಶುರುವಾಗುವುದು ಪತ್ತೇದಾರಿ ಕೆಲಸ. ವನ್ಯಜೀವಿ ಸಂರಕ್ಷಣೆ ಅಂದ ತಕ್ಷಣ ನಮಗೆ ಗಸ್ತು ತಿರುಗುವ ಅರಣ್ಯ ಸಿಬ್ಬಂದಿ, ಬೇಲಿ, ಗಿಡ ನೆಡುವವರು ನೆನಪಾಗುತ್ತಾರೆ. ಅವೆಲ್ಲ ಬೇಕು, ಖಂಡಿತ ಬೇಕು. ಆದರೆ ಪ್ರಾಣಿಯನ್ನು ನಿಜವಾಗಿ ಕೊಲ್ಲುತ್ತಿರುವುದು ಏನು ಅಂತ ಗೊತ್ತಾಗದಿದ್ದರೆ ಬೇಲಿ ಹಾಕಿದವರ ಶ್ರಮವೆಲ್ಲ ನೀರಲ್ಲಿ ಹೋಮ ಮಾಡಿದಂತೆ. ಎಷ್ಟೋ ಸಲ ಒಳ್ಳೆಯ ಮನಸ್ಸಿನಿಂದ ಹಾಕಿದ ಬೇಲಿಯೇ ಪ್ರಾಣಿಗೆ ಮುಳುವಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಹದ್ದಿನ ವಿಷಯದಲ್ಲಿ ಸಂಶಯ ಪಡಲು ಬೇಕಾದಷ್ಟು ದಾರಿಗಳಿದ್ದವು. ಆಹಾರ ಕಮ್ಮಿಯಾಯಿತೇ? ಇಲ್ಲ, ಸತ್ತ ದನಗಳು ತಿನ್ನುವವರಿಲ್ಲದೆ ಹಾಗೇ ಕೊಳೆಯುತ್ತಿದ್ದವು. ಕೀಟನಾಶಕವೇ? ಡಿಡಿಟಿಯಂಥ ವಿಷದಿಂದ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಮರಿಗಳು ಕಮ್ಮಿಯಾಗುವುದು ಗೊತ್ತಿತ್ತು, ಇಲ್ಲಿ ಮಾತ್ರ ಬೆಳೆದ ಹಕ್ಕಿಗಳೇ ಸಾಯುತ್ತಿದ್ದವು. ದೇಶದ ಉದ್ದಗಲಕ್ಕೂ ಹಬ್ಬಿದ್ದು ನೋಡಿ ಯಾವುದೋ ಹೊಸ ವೈರಸ್ ಇರಬೇಕು ಅಂತ ಬಹಳ ಜನ ನಂಬಿದ್ದರು.

ಗುಟ್ಟು ಬಿಚ್ಚಿಕೊಂಡಿದ್ದು ಪಾಕಿಸ್ತಾನದಲ್ಲಿ. ಪೆರೆಗ್ರಿನ್ ಫಂಡ್ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ತಂಡ ಸತ್ತ ಹದ್ದುಗಳ ಮರಣೋತ್ತರ ಪರೀಕ್ಷೆ ಮಾಡಿದರು. ಹೊಟ್ಟೆ ಸೀಳಿ ನೋಡಿದರೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ. ಅದು ಯೂರಿಕ್ ಆಮ್ಲ. ಹಕ್ಕಿಗಳ ದೇಹದಿಂದ ಇದನ್ನು ಹೊರಹಾಕುವುದು ಮೂತ್ರಪಿಂಡ. ಅದು ಕೆಟ್ಟರೆ ಈ ಆಮ್ಲ ಹರಳುಗಟ್ಟಿ ಒಳಗೇ ಕೂರುತ್ತದೆ. ಅಂದರೆ ಮೂತ್ರಪಿಂಡವನ್ನು ಯಾವುದೋ ವಸ್ತು ಹಾಳು ಮಾಡುತ್ತಿದೆ. ವೈರಸ್ ಹುಡುಕಿದರು, ಸಿಗಲಿಲ್ಲ. ಬ್ಯಾಕ್ಟೀರಿಯಾ ಇಲ್ಲ. ಸೀಸದಂಥ ಲೋಹಗಳಿಲ್ಲ. ಕೀಟನಾಶಕವೂ ಇಲ್ಲ. ಆಗ ಪ್ರಶ್ನೆಯನ್ನೇ ಬದಲಿಸಿದರು. ಹದ್ದು ತಿನ್ನುವುದು ಸತ್ತ ದನವನ್ನು. ಹಾಗಾದರೆ ಆ ದನಕ್ಕೆ ಸಾಯುವ ಮುಂಚೆ ಏನು ಕೊಟ್ಟಿದ್ದರು?

ಉತ್ತರ ಡೈಕ್ಲೋಫೆನಾಕ್. ಮನುಷ್ಯರು ಮೈಕೈ ನೋವಿಗೆ ನುಂಗುವ, ದನಗಳಿಗೆ ಚುಚ್ಚುಮದ್ದಾಗಿ ಕೊಡುತ್ತಿದ್ದ ಅಗ್ಗದ ನೋವಿನ ಔಷಧ. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದಾಗ 25ರಲ್ಲೂ ಈ ಔಷಧ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತಿದ್ದ 13 ಹದ್ದುಗಳಲ್ಲಿ ಒಂದರಲ್ಲೂ ಇರಲಿಲ್ಲ. ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗುವುದಿಲ್ಲ ಅಲ್ವಾ? ಹಾಗಾಗಿ ಕಾಡಿಗೆ ಮರಳಲಾಗದ ಕೆಲವು ಹದ್ದುಗಳಿಗೆ ಈ ಔಷಧವನ್ನೂ, ಔಷಧ ಪಡೆದ ಪ್ರಾಣಿಯ ಮಾಂಸವನ್ನೂ ಕೊಟ್ಟು ನೋಡಿದರು. ಅವುಗಳಲ್ಲೂ ಅದೇ ರೀತಿ ಸಾವು, ಅದೇ ಬಿಳಿ ಪದರ. 2004ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ನನಗೆ ಇದರಲ್ಲಿ ಮರೆಯಲಾಗದ್ದು ಒಂದು ಲೆಕ್ಕ. ಹದ್ದುಗಳನ್ನು ಈ ಪರಿ ನಿರ್ನಾಮ ಮಾಡಲು ನೂರರಲ್ಲಿ ಒಂದು ಕಳೇಬರದಲ್ಲೂ ವಿಷ ಇರಬೇಕಿಲ್ಲ. ಅದಕ್ಕಿಂತ ಕಮ್ಮಿ ಇದ್ದರೂ ಸಾಕು. ಹೇಗೆ ಅಂತೀರಾ? ಒಂದು ಹದ್ದು ಎರಡು ಮೂರು ದಿನಕ್ಕೊಮ್ಮೆ ತಿನ್ನುತ್ತದೆ ಅಂದುಕೊಳ್ಳಿ. ವರ್ಷಕ್ಕೆ ನೂರಕ್ಕೂ ಜಾಸ್ತಿ ಕಳೇಬರಗಳನ್ನು ಅದು ಮುಟ್ಟುತ್ತದೆ. ಒಂದಲ್ಲ ಒಂದು ದಿನ ವಿಷದ ಮಾಂಸ ಸಿಕ್ಕೇ ಸಿಗುತ್ತದೆ. ಅದೂ ಒಂಟಿಯಾಗಿ ತಿನ್ನುವುದಿಲ್ಲ, ಹತ್ತಾರು ಹದ್ದುಗಳು ಒಟ್ಟಿಗೇ ಮುಗಿಬೀಳುತ್ತವೆ. ಒಂದು ದನ, ಒಂದು ಮಧ್ಯಾಹ್ನ, ಇಡೀ ಹಿಂಡು. ಇನ್ನು ಮರಿಯ ವಿಷಯಕ್ಕೆ ಬಂದರೆ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ಮರಿ ಬೆಳೆದು ತಾನು ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಸಾಯುವ ವೇಗಕ್ಕೆ ಹುಟ್ಟುವ ವೇಗ ಸರಿಗಟ್ಟುವುದು ಎಲ್ಲಿಂದ ಬಂತು?

ಕಾರಣ ಸಿಕ್ಕಿತು, ಔಷಧ ನಿಲ್ಲಿಸಿದರಾಯಿತು ಅನ್ನಬಹುದು. ಅಷ್ಟು ಸಲೀಸಲ್ಲ. ದನ ಸಾಕುವವರಿಗೆ ತಮ್ಮ ಪ್ರಾಣಿಯ ನೋವು ಕಮ್ಮಿ ಮಾಡುವ ಔಷಧ ಬೇಕೇ ಬೇಕು. ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಡಬೇಕು. ಆ ಇನ್ನೊಂದು ಹದ್ದಿಗೆ ಹಾನಿ ಮಾಡಬಾರದು. ವಿಜ್ಞಾನಿಗಳು ಬೇರೆ ಬೇರೆ ಔಷಧಗಳನ್ನು ಪರೀಕ್ಷಿಸಿ ಮೆಲಾಕ್ಸಿಕ್ಯಾಮ್ ಸುರಕ್ಷಿತ ಅಂತ ತೋರಿಸಿದರು. 2006ರಲ್ಲಿ ಭಾರತ ಜಾನುವಾರುಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಷೇಧಿಸಿತು. ನೇಪಾಳ, ಪಾಕಿಸ್ತಾನಗಳೂ ಕ್ರಮ ಕೈಗೊಂಡವು. ಆಮೇಲೂ ಕಳ್ಳದಾರಿ ಉಳಿಯಿತು. ಮನುಷ್ಯರಿಗಾಗಿ ದೊಡ್ಡ ಬಾಟಲಿಗಳಲ್ಲಿ ಬರುತ್ತಿದ್ದ ಅದೇ ಔಷಧವನ್ನು ದನಗಳಿಗೆ ಚುಚ್ಚುತ್ತಿದ್ದರು. 2015ರಲ್ಲಿ ಆ ದೊಡ್ಡ ಬಾಟಲಿಗಳನ್ನೂ ನಿಲ್ಲಿಸಿ, ಒಂದು ಸಲಕ್ಕೆ ಆಗುವಷ್ಟು ಮಾತ್ರ ಇರುವ ಸಣ್ಣ ಬಾಟಲಿಗೆ ಮಿತಿಗೊಳಿಸಿದರು. ಅಸಿಕ್ಲೋಫೆನಾಕ್ ಅನ್ನುವ ಇನ್ನೊಂದು ಔಷಧ ದನದ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ ಅಂತ ಗೊತ್ತಾಯಿತು. ಅದನ್ನೂ, ಕೀಟೋಪ್ರೊಫೆನ್ ಅನ್ನೂ ಜಾನುವಾರು ಬಳಕೆಗೆ ನಿಷೇಧಿಸಿದ್ದು 2023ರಲ್ಲಿ. ಈ ನಡುವೆ ಹರಿಯಾಣದ ಪಿಂಜೋರ್‌ನ ಕೇಂದ್ರದಲ್ಲಿ ಹದ್ದುಗಳನ್ನು ಸಾಕಿ, ಮರಿ ಮಾಡಿಸಿ, ಮತ್ತೆ ಆಕಾಶಕ್ಕೆ ಬಿಡುವ ಕೆಲಸ ನಡೆಯುತ್ತಾ ಬಂದಿದೆ.

ಒಂದು ಪ್ರಶ್ನೆಗೆ ಉತ್ತರ ಹುಡುಕಲು ಕೆಲವೇ ವರ್ಷ. ಆ ಉತ್ತರವನ್ನು ನೆಲಕ್ಕಿಳಿಸಲು ಇಪ್ಪತ್ತು ವರ್ಷ ಕಳೆದರೂ ಕೆಲಸ ಮುಗಿದಿಲ್ಲ.

ಕಾರಣ ಹುಡುಕುವುದಕ್ಕೂ ಮೊದಲು ಎಷ್ಟು ಉಳಿದಿವೆ ಅಂತ ಗೊತ್ತಾಗಬೇಕು. ಕಾಡಿನಲ್ಲಿ ಪ್ರಾಣಿ ಎಣಿಸುವುದು ಹೇಗೆ? ಅವು ಸಾಲಾಗಿ ಬಂದು ನಿಲ್ಲುವುದಿಲ್ಲ. ಕಾಣದೇ ಇರುವುದೇ ಅವುಗಳ ಬದುಕು.

ಇದಕ್ಕೊಂದು ಸೊಗಸಾದ ಉಪಾಯವಿದೆ. ಒಂದು ಕೆರೆಯಲ್ಲಿ ಎಷ್ಟು ಮೀನಿವೆ ಅಂತ ತಿಳಿಯಬೇಕು ಅಂದುಕೊಳ್ಳಿ. ಬಲೆ ಬೀಸಿ 40 ಮೀನು ಹಿಡಿಯಿರಿ. ಒಂದೊಂದಕ್ಕೂ ಗುರುತು ಹಾಕಿ ನೀರಿಗೆ ಬಿಡಿ. ಸ್ವಲ್ಪ ದಿನ ಬಿಟ್ಟು ಮತ್ತೆ ಬಲೆ ಬೀಸಿ. ಈ ಸಲ 50 ಸಿಕ್ಕವು, ಅವುಗಳಲ್ಲಿ 10ಕ್ಕೆ ಗುರುತಿದೆ. ಅಂದರೆ ಐದರಲ್ಲಿ ಒಂದಕ್ಕೆ ಗುರುತಿದೆ. ಇಡೀ ಕೆರೆಯಲ್ಲೂ ಹಾಗೇ ಇರಬೇಕು. ನಾವು ಗುರುತು ಹಾಕಿದ್ದು 40, ಅದು ಐದನೇ ಒಂದು ಭಾಗ. ಹಾಗಾದರೆ ಕೆರೆಯಲ್ಲಿ ಸುಮಾರು 200 ಮೀನು. ಎಲ್ಲವನ್ನೂ ನೋಡದೆಯೇ ಎಲ್ಲದರ ಅಂದಾಜು ಸಿಕ್ಕಿತು.

ಹುಲಿಗೆ ಗುರುತು ಹಾಕುವ ಕಷ್ಟವೇ ಇಲ್ಲ. ಹುಟ್ಟುತ್ತಲೇ ಹಾಕಿಸಿಕೊಂಡು ಬಂದಿರುತ್ತದೆ. ಒಂದು ಹುಲಿಯ ಪಟ್ಟೆ ಇನ್ನೊಂದರಂತೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಅದರಲ್ಲೂ ಎಡ ಮೈಯ ಪಟ್ಟೆ ಬೇರೆ, ಬಲ ಮೈಯದೇ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಪ್ರಾಣಿ ನಡುವೆ ಹಾದುಹೋದರೆ ಎರಡೂ ಒಟ್ಟಿಗೆ ಕ್ಲಿಕ್ ಅನ್ನುತ್ತವೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಕ್ಯಾಮೆರಾ ಟ್ರ್ಯಾಪ್‌ಗಳನ್ನೂ ಕೆರೆ ಮೀನಿನ ಲೆಕ್ಕದಂಥ ಗಣಿತವನ್ನೂ ಜೋಡಿಸಿ ಹುಲಿಗಳ ಅಂದಾಜು ಮಾಡಿ ತೋರಿಸಿದರು. ಚಿರತೆಯ ಚುಕ್ಕೆಗಳಿಗೂ ಇದು ನಡೆಯುತ್ತದೆ.

ಅದಕ್ಕೆ ಮುಂಚೆ ಹುಲಿಗಳನ್ನು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿ ಕೆಸರಲ್ಲಿ ಒಂಥರಾ, ಮರಳಲ್ಲಿ ಇನ್ನೊಂಥರಾ ಹೆಜ್ಜೆ ಮೂಡಿಸುತ್ತದೆ. ಹಾಗಾಗಿ ತಪ್ಪಾಗುವ ಸಾಧ್ಯತೆ ಜಾಸ್ತಿ. ತಪ್ಪು ಲೆಕ್ಕ ಎಷ್ಟು ದುಬಾರಿ ಅನ್ನುವುದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕ್ಷಿ. 2004ರ ಗಣತಿ ಅಲ್ಲಿ 16ರಿಂದ 18 ಹುಲಿಗಳಿವೆ ಅಂದಿತ್ತು. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇರಲಿಲ್ಲ. ಬೇಟೆಗಾರರು ಮುಗಿಸಿಬಿಟ್ಟಿದ್ದರು. ಆಮೇಲೆ ದೇಶದ ಗಣತಿ ವಿಧಾನವೇ ಬದಲಾಯಿತು. 2008ರಲ್ಲಿ ರಣಥಂಬೋರ್‌ನಿಂದ ಹುಲಿಗಳನ್ನು ತಂದು ಬಿಟ್ಟ ಮೇಲೆ ಸರಿಸ್ಕಾದಲ್ಲಿ ಮತ್ತೆ ಮರಿಗಳು ಹುಟ್ಟಿವೆ.

ಈಗ ಬೇಲಿಯ ಕಥೆ. ಇಂಗ್ಲೆಂಡಿನಲ್ಲಿ ಲಾರ್ಜ್ ಬ್ಲೂ ಅನ್ನುವ ನೀಲಿ ಚಿಟ್ಟೆಯೊಂದಿದೆ. ಅಪರೂಪದ್ದು, ಚೆಂದದ್ದು. ಅದರ ಸಂಖ್ಯೆ ಇಳಿಯುತ್ತಾ ಬಂದಾಗ ಎಲ್ಲರ ಕಣ್ಣು ಹೋಗಿದ್ದು ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಚುಚ್ಚಿಡುವ ಸಂಗ್ರಾಹಕರ ಮೇಲೆ. ಅವರು ಬರದಂತೆ ಹುಲ್ಲುಗಾವಲಿಗೆ ಬೇಲಿ ಹಾಕಿದರು. ಚಿಟ್ಟೆ ಉಳಿಯಲಿಲ್ಲ, ಇನ್ನೂ ಬೇಗ ಹೋಯಿತು.

1970ರ ದಶಕದಲ್ಲಿ ಜೆರೆಮಿ ಥಾಮಸ್ ಅನ್ನುವ ವಿಜ್ಞಾನಿ ಕೊನೆಯ ಚಿಟ್ಟೆಗಳ ಜೊತೆ ಹುಲ್ಲಿನ ಮೇಲೆ ಕೂತು, ಅವುಗಳ ಬದುಕನ್ನು ಹಂತ ಹಂತವಾಗಿ ನೋಡಿದರು. ಈ ಚಿಟ್ಟೆಯ ಮರಿಹುಳು ಮೊದಲ ಕೆಲವು ವಾರ ಥೈಮ್ ಗಿಡದ ಹೂವು ತಿನ್ನುತ್ತದೆ. ಆಮೇಲೆ ನೆಲಕ್ಕೆ ಬಿದ್ದು ಕಾಯುತ್ತದೆ. ಕೆಂಪಿರುವೆ ಬಂದಾಗ ಸಿಹಿ ಹನಿಯೊಂದನ್ನು ಒಸರುತ್ತದೆ. ಅದರ ವಾಸನೆಗೆ ಮೋಸಹೋದ ಇರುವೆ, ತಮ್ಮದೇ ಮರಿ ದಾರಿ ತಪ್ಪಿ ಬಂದಿದೆ ಅಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಗೂಡಿನೊಳಗೆ ಸುಮಾರು ಹತ್ತು ತಿಂಗಳು ಈ ಹುಳು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ರಾಣಿ ಇರುವೆಯ ಸದ್ದನ್ನೂ ಅನುಕರಿಸುತ್ತದೆ ಅಂತ ಆಮೇಲಿನ ಸಂಶೋಧನೆ ಹೇಳಿತು.

ಇಷ್ಟು ಹೊಸದಲ್ಲ, ಇರುವೆಯ ನಂಟು ಮೊದಲೇ ಗೊತ್ತಿತ್ತು. ಥಾಮಸ್ ಕಂಡುಹಿಡಿದಿದ್ದು ಅದರ ಮುಂದಿನದನ್ನು. ಯಾವುದೋ ಕೆಂಪಿರುವೆ ಆದರೆ ನಡೆಯುವುದಿಲ್ಲ. ಮಿರ್ಮಿಕಾ ಸಬುಲೇಟಿ ಅನ್ನುವ ಒಂದೇ ಜಾತಿಯ ಗೂಡಿನಲ್ಲಿ ಮಾತ್ರ ಹುಳು ಚೆನ್ನಾಗಿ ಬದುಕುತ್ತದೆ. ಆ ಇರುವೆಗೆ ಬೆಚ್ಚನೆಯ ನೆಲ ಬೇಕು. ನೆಲ ಬೆಚ್ಚಗಿರಬೇಕಾದರೆ ಬಿಸಿಲು ಮಣ್ಣಿಗೆ ತಾಗಬೇಕು. ಬಿಸಿಲು ತಾಗಬೇಕಾದರೆ ಹುಲ್ಲು ಗಿಡ್ಡವಾಗಿರಬೇಕು. ಹುಲ್ಲು ಗಿಡ್ಡವಾಗಿರಬೇಕಾದರೆ ದನ, ಕುರಿ, ಮೊಲ ಮೇಯಬೇಕು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ಅನ್ನುವ ರೋಗ ಬಂದು ಮೊಲಗಳು ರಾಶಿರಾಶಿ ಸತ್ತವು. ದನಕುರಿ ಮೇಯಿಸುವುದೂ ಕಮ್ಮಿಯಾಯಿತು. ಉಳಿದ ಕಡೆ ಸಂರಕ್ಷಣೆಯ ಬೇಲಿಯೇ ಅವುಗಳನ್ನು ಹೊರಗಿಟ್ಟಿತು. ಹುಲ್ಲು ಕೆಲವೇ ಸೆಂಟಿಮೀಟರ್ ಎತ್ತರವಾಯಿತು, ಅಷ್ಟೇ. ಅಷ್ಟಕ್ಕೇ ನೆಲ ತಣ್ಣಗಾಗಿ, ಆ ಇರುವೆ ಜಾಗ ಬಿಟ್ಟು, ಬೇರೆ ಇರುವೆಗಳು ಬಂದವು.

ಥಾಮಸ್ ಅವರ ಉತ್ತರ ಸಿಗುವಷ್ಟರಲ್ಲಿ ತಡವಾಗಿತ್ತು. 1979ರಲ್ಲಿ ಬ್ರಿಟನ್ನಿನಿಂದ ಈ ಚಿಟ್ಟೆ ಅಳಿದುಹೋಯಿತು. ಆದರೆ ಉತ್ತರ ವ್ಯರ್ಥವಾಗಲಿಲ್ಲ. ಹುಲ್ಲುಗಾವಲುಗಳಲ್ಲಿ ಮತ್ತೆ ದನಕುರಿ ಮೇಯಿಸಿ, ಇರುವೆ ವಾಪಸ್ ಬಂದಿದ್ದನ್ನು ಖಚಿತಪಡಿಸಿಕೊಂಡು, 1983ರಿಂದ ಸ್ವೀಡನ್ನಿನ ಅದೇ ಜಾತಿಯ ಚಿಟ್ಟೆಗಳನ್ನು ತಂದು ಬಿಟ್ಟರು. ಇವತ್ತು ದಕ್ಷಿಣ ಇಂಗ್ಲೆಂಡಿನ ಬೇಸಿಗೆಯಲ್ಲಿ ಅವು ಹಾರುತ್ತಿವೆ. ಒಂದು ನೆಲದ ಜೀವಿ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮಣ್ಣಿನ ಬಿಸಿ, ಹುಲ್ಲಿನ ಎತ್ತರ, ಇರುವೆಯ ಜಾತಿ, ಇವೆಲ್ಲ ಸೇರಿಯೇ ಅದು ಚಿಟ್ಟೆ.

ಹೊಸ ಶತ್ರು ಬಂದಾಗ ಈ ಹೊಂದಾಣಿಕೆಯೇ ಶಾಪವಾಗುವುದೂ ಉಂಟು. ನ್ಯೂಜಿಲೆಂಡಿನ ಕಾಕಪೊ ಒಂದು ಗಿಳಿ. ದೊಡ್ಡ ಗಂಡು ನಾಲ್ಕು ಕಿಲೋವರೆಗೂ ತೂಗುತ್ತದೆ, ಹಾರಲು ಬರುವುದಿಲ್ಲ, ರಾತ್ರಿ ಓಡಾಡುತ್ತದೆ. ಅಪಾಯ ಬಂದರೆ ಅಲುಗಾಡದೆ ನಿಂತುಬಿಡುತ್ತದೆ. ಅದರ ನೆಲದಲ್ಲಿ ಬೇಟೆಗಾರರೆಂದರೆ ಕಣ್ಣಿನಿಂದ ಹುಡುಕುವ ಹಕ್ಕಿಗಳು ಮಾತ್ರ. ಪಾಚಿ ಬಣ್ಣದ ಗಿಳಿ ಪಾಚಿಯ ನಡುವೆ ಸುಮ್ನೆ ನಿಂತರೆ ಯಾರಿಗೂ ಕಾಣುತ್ತಿರಲಿಲ್ಲ. ಮನುಷ್ಯರ ಜೊತೆ ಬಂದ ಇಲಿ, ಬೆಕ್ಕು, ಮುಂಗುಸಿಯ ಹಾಗಿರುವ ಸ್ಟೋಟ್‌ಗಳು ಹುಡುಕುವುದು ಮೂಗಿನಿಂದ. ಕಾಕಪೊವಿನ ಮೈಯಿಂದಲೋ ಗಾಢವಾದ ಸಿಹಿ ವಾಸನೆ.

1894ರಿಂದ ರಿಚರ್ಡ್ ಹೆನ್ರಿ ಅನ್ನುವವರು ನೂರಾರು ಕಾಕಪೊಗಳನ್ನು ಹಿಡಿದು, ದೋಣಿಯಲ್ಲಿ ಸಾಗಿಸಿ, ರೆಸಲ್ಯೂಷನ್ ದ್ವೀಪಕ್ಕೆ ಬಿಟ್ಟರು. ಸ್ಟೋಟ್ ಅಲ್ಲಿಗೆ ಬರಲಾರದು ಅಂತ ನಂಬಿದ್ದರು. 1900ರಲ್ಲಿ ಅದು ಈಜಿಕೊಂಡು ಬಂತು. ವರ್ಷಗಟ್ಟಲೆ ಒಬ್ಬರೇ ದುಡಿದ ಮನುಷ್ಯನ ಎದುರೇ ಎಲ್ಲ ಹಾಳಾಯಿತು. ಸ್ಟೋಟ್ ಎಷ್ಟು ದೂರ ಈಜಬಲ್ಲದು ಅನ್ನುವ ತಿಳಿವಳಿಕೆಯೊಂದು ಆ ಕಾಲಕ್ಕೆ ಇರಲಿಲ್ಲ.

1995ರಲ್ಲಿ ಎಣಿಸಿದಾಗ ಗೊತ್ತಿದ್ದ ಕಾಕಪೊಗಳು 51. ಬೇಟೆಪ್ರಾಣಿಗಳನ್ನು ಪೂರ್ತಿ ತೆಗೆದುಹಾಕಿದ ದ್ವೀಪಗಳಲ್ಲಿ ಅವನ್ನು ಕಾಪಾಡಿದರು. ರಿಮು ಮರ ಹಣ್ಣು ಬಿಡುವ ವರ್ಷ ಮಾತ್ರ ಈ ಹಕ್ಕಿ ಮೊಟ್ಟೆ ಇಡುತ್ತದೆ, ಅದು ಬರುವುದು ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ. ಚೆನ್ನಾಗಿ ತಿಂದರೆ ಜಾಸ್ತಿ ಮರಿ ಮಾಡಬಹುದು ಅಂತ ಹೆಚ್ಚುವರಿ ಆಹಾರ ಕೊಟ್ಟರು. ಮರಿಗಳೇನೋ ಬಂದವು, ಆದರೆ ಗಂಡುಗಳೇ ಜಾಸ್ತಿ. ಹೆಣ್ಣು ಬೇಕಾದ ಜಾತಿಗೆ ಇದು ದೊಡ್ಡ ಪೆಟ್ಟು.

ಯಾಕೆ ಹೀಗೆ? ಕಾಕಪೊಗಳಲ್ಲಿ ಬಲವಾದ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ದುರ್ಬಲ ಗಂಡಿಗೆ ಏನೂ ಸಿಗುವುದಿಲ್ಲ. ಮೈತುಂಬಿಕೊಂಡ ತಾಯಿಗೆ ಬಲವಾದ ಗಂಡುಮರಿ ಬೆಳೆಸುವುದು ಲಾಭ. ಸೊರಗಿದ ತಾಯಿಗೆ ಹೆಣ್ಣುಮರಿಯೇ ಭದ್ರ. ಇಂಥದ್ದೊಂದು ಸಿದ್ಧಾಂತ ಮೊದಲೇ ಇತ್ತು, ಕಾಕಪೊ ಅದನ್ನು ಕಣ್ಣಿಗೆ ಕಾಣಿಸಿತು. ಆಮೇಲೆ ಪ್ರತಿ ಹೆಣ್ಣನ್ನೂ ತೂಗಿ, ಮೊಟ್ಟೆ ಇಡುವಷ್ಟು ಶಕ್ತಿ ಬರಬೇಕು, ಮಿತಿಮೀರಿ ಕೊಬ್ಬಬಾರದು ಅನ್ನುವ ಲೆಕ್ಕದಲ್ಲಿ ಆಹಾರ ಅಳೆದು ಕೊಟ್ಟರು. ಗಂಡು ಹೆಣ್ಣಿನ ಪ್ರಮಾಣ ಸರಿಹೋಯಿತು. 2022ರಲ್ಲಿ ಕಾಕಪೊಗಳ ಸಂಖ್ಯೆ 252 ಮುಟ್ಟಿತು. ಆಗ ಒಂದೊಂದಕ್ಕೂ ಹೆಸರಿತ್ತು, ಬೆನ್ನ ಮೇಲೆ ಪುಟ್ಟ ರೇಡಿಯೋ ಇತ್ತು.

ಸಂಖ್ಯೆ ಕಮ್ಮಿಯಾದಾಗ ಇನ್ನೊಂದು ಕಷ್ಟ ಒಳಗಿನಿಂದ ಶುರುವಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳೇ ಕೂಡಿ ಮರಿ ಮಾಡುತ್ತಾ ಹೋದರೆ ವಂಶವಾಹಿಗಳಲ್ಲಿ ಅಡಗಿರುವ ದೋಷಗಳು ಮೇಲೆ ಬರುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಅನ್ನುವ ಕಾಡುಬೆಕ್ಕಿನ ಜಾತಿಯ ದೊಡ್ಡ ಪ್ರಾಣಿ 1990ರ ದಶಕದ ಆರಂಭದಲ್ಲಿ ಮೂವತ್ತರ ಒಳಗೆ ಇಳಿದಿತ್ತು. ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳಲ್ಲಿ ಸಂತಾನಶಕ್ತಿಯ ಕೊರತೆ. 1995ರಲ್ಲಿ ಟೆಕ್ಸಾಸ್‌ನಿಂದ ಅದೇ ಜಾತಿಯ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಹೊಸ ರಕ್ತ ಬೆರೆತ ಮೇಲೆ ಮರಿಗಳು ಗಟ್ಟಿಯಾದವು, ಕೆಲವೇ ವರ್ಷಗಳಲ್ಲಿ ಸಂಖ್ಯೆ ಮೂರು ಪಟ್ಟು ಹೆಚ್ಚಿತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ನ್ಯೂಜಿಲೆಂಡಿನ ಚಾಥಮ್ ದ್ವೀಪಗಳ ಒಂದು ಪುಟ್ಟ ಕಪ್ಪು ಹಕ್ಕಿಯ ಕಡೆಗೆ. ಬ್ಲ್ಯಾಕ್ ರಾಬಿನ್. 1980ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು ಐದೇ ಐದು. ಅವುಗಳಲ್ಲಿ ಮರಿ ಮಾಡಬಲ್ಲ ಹೆಣ್ಣು ಒಂದೇ, ಓಲ್ಡ್ ಬ್ಲೂ ಅಂತ ಹೆಸರು. ಡಾನ್ ಮರ್ಟನ್ ಮತ್ತು ಅವರ ಜೊತೆಗಾರರು ಅದರ ಮೊಟ್ಟೆಗಳನ್ನು ತೆಗೆದು ಟಾಮ್‌ಟಿಟ್ ಅನ್ನುವ ಬೇರೆ ಹಕ್ಕಿಯ ಗೂಡಿನಲ್ಲಿಟ್ಟರು. ಮೊಟ್ಟೆ ಹೋಯಿತೆಂದು ಓಲ್ಡ್ ಬ್ಲೂ ಮತ್ತೆ ಮೊಟ್ಟೆ ಇಟ್ಟಿತು. ಒಂದು ಋತುವಿನಲ್ಲಿ ಒಂದರ ಬದಲು ಎರಡು ಸಂಸಾರ. ಇವತ್ತು ಬದುಕಿರುವ ಬ್ಲ್ಯಾಕ್ ರಾಬಿನ್‌ಗಳೆಲ್ಲ ಆ ಒಂದು ತಾಯಿಯ ಸಂತಾನ.

1984ರಲ್ಲಿ ಒಂದು ವಿಚಿತ್ರ ಕಂಡಿತು. ಒಂದು ಹೆಣ್ಣು ಗೂಡಿನ ನಡುವೆ ಇಡಬೇಕಾದ ಮೊಟ್ಟೆಯನ್ನು ಗೂಡಿನ ಅಂಚಿನ ಮೇಲೆ ಇಟ್ಟಿತ್ತು. ಅಲ್ಲಿ ಅದಕ್ಕೆ ಕಾವು ಸಿಗುವುದಿಲ್ಲ, ಮರಿ ಆಗುವುದಿಲ್ಲ. ಒಂದೊಂದು ಮೊಟ್ಟೆಯೂ ಬಂಗಾರವಾಗಿದ್ದ ಕಾಲ ಅದು. ಕಾವಲಿದ್ದವರು ಬೆರಳಿನಿಂದ ಮೆಲ್ಲಗೆ ಅದನ್ನು ಒಳಗೆ ತಳ್ಳಿದರು. ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಮರಿ ಬದುಕಿತು. ಆದರೆ ಅಂಚಿನಲ್ಲಿ ಇಡುವ ಗುಣ ತಾಯಿಯಿಂದ ಮರಿಗೆ ಬರುವಂಥದ್ದು. ಕಾಡಿನಲ್ಲಿ ತಾನಾಗಿ ಅಳಿದುಹೋಗಬೇಕಿದ್ದ ಗುಣ, ಮನುಷ್ಯನ ಕೈಯಾಸರೆಯಿಂದ ಹರಡಿತು. 1989ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳು ಅಂಚಿನಲ್ಲಿ ಮೊಟ್ಟೆ ಇಡುತ್ತಿದ್ದವು. ಹೀಗೇ ಮುಂದುವರಿದಿದ್ದರೆ ಪ್ರತಿ ಗೂಡಿನ ಪಕ್ಕ ಒಬ್ಬ ಮನುಷ್ಯ ಇಲ್ಲದೆ ಆ ಜಾತಿ ಬದುಕಲಾಗದ ಸ್ಥಿತಿ ಬರುತ್ತಿತ್ತು.

ಲೆಕ್ಕ ಇಟ್ಟಿದ್ದರಿಂದ ಇದು ಗೊತ್ತಾಯಿತು. 1990ರಿಂದ ಮೊಟ್ಟೆ ತಳ್ಳುವುದನ್ನು ನಿಲ್ಲಿಸಿದರು. ವರ್ಷಗಟ್ಟಲೆ ಕಾದು ಉಳಿಸಿದ ಹಕ್ಕಿಯ ಮೊಟ್ಟೆ ಕೈಗೆಟುಕುವ ದೂರದಲ್ಲಿ ತಣ್ಣಗಾಗುತ್ತಿರುತ್ತದೆ, ಮುಟ್ಟಬಾರದು. ಅವರು ಮುಟ್ಟಲಿಲ್ಲ. 2011ರ ಹೊತ್ತಿಗೆ ಅಂಚಿನಲ್ಲಿ ಮೊಟ್ಟೆ ಇಡುವ ಹೆಣ್ಣುಗಳು ನೂರಕ್ಕೆ ಒಂಬತ್ತಕ್ಕೆ ಇಳಿದಿದ್ದವು.